ಗ್ರಂಥ ಮುಗಿಯುವ ತನಕ ಸುಮ್ಮನಿರಬೇಕೇ?

ಶಿಗ್ಗಾವಿ ತಾಲ್ಲೂಕಿನ ಯಾವುದಾದರೂ ಸಭೆಯಲ್ಲಿ, ಹುಲಗೂರಿನಲ್ಲೇ ಆಗಲಿ, ಕನಕದಾಸರ ‘ಮೋಹನತರಂಗಿಣಿ’ಯನ್ನು ಮೊದಲಿನಿಂದ ಕೊನೆಯವರೆಗೆ ಓದಿದವರು ಕೈ ಎತ್ತಿ ಎಂದು ಕೇಳಿ ನೋಡಿ. ಒಂದೆರಡು ಕೈ ಎದ್ದರೆ ಅದೇ ಹೆಚ್ಚು. ಅದೇ ಸಭೆಯಲ್ಲಿ ರಾಗಿಗೂ ಅಕ್ಕಿಗೂ ಜಗಳ ಹತ್ತಿದ ಕಥೆ ಗೊತ್ತೇ ಎಂದು ಕೇಳಿ. ಹಿಂದಿನ ಸಾಲಿನಲ್ಲಿ ಕೂತ ಹುಡುಗರೂ ಹೇಳಿಬಿಡುತ್ತಾರೆ. ಎರಡನ್ನೂ ಬರೆದ ಕೈ ಒಂದೇ. ಆ ಕೈ ಹುಟ್ಟಿದ್ದು ಇದೇ ತಾಲ್ಲೂಕಿನ ಬಾಡದಲ್ಲಿ.

‘ಮೋಹನತರಂಗಿಣಿ’ ಸಣ್ಣ ಕೆಲಸವಲ್ಲ. 42 ಸಂಧಿಗಳ ಸಾಂಗತ್ಯ ಕಾವ್ಯ. ಕೃಷ್ಣನ ಕಥೆ ಹೇಳುತ್ತಾ ಹೇಳುತ್ತಾ ದ್ವಾರಕೆಯ ವರ್ಣನೆಯಲ್ಲಿ ವಿಜಯನಗರವನ್ನೇ ಕಣ್ಣಮುಂದೆ ತರುವ ಮಹತ್ವಾಕಾಂಕ್ಷೆಯ ರಚನೆ. ಕವಿ ಎನಿಸಿಕೊಳ್ಳಲು ಆ ಕಾಲದಲ್ಲಿ ಏನೇನು ಬೇಕಿತ್ತೋ ಅದೆಲ್ಲ ಅದರಲ್ಲಿದೆ. ‘ರಾಮಧಾನ್ಯ ಚರಿತೆ’ಗೆ ಅಂಥ ಭಾರವಿಲ್ಲ. ಭಾಮಿನಿ ಷಟ್ಪದಿಯ 158 ಪದ್ಯ, ಅಷ್ಟೆ. ರಾವಣನನ್ನು ಗೆದ್ದು ಅಯೋಧ್ಯೆಗೆ ಮರಳುವ ರಾಮನಿಗೆ ಋಷಿಗಳ ಆಶ್ರಮದಲ್ಲಿ ಬಗೆಬಗೆಯ ಧಾನ್ಯದ ಅಡುಗೆ ಬಡಿಸುತ್ತಾರೆ. ಯಾವ ಧಾನ್ಯ ಮೇಲು ಎಂಬ ಮಾತು ಏಳುತ್ತದೆ. ಗೌತಮರು ನರೆದಲೆಗದ, ಅಂದರೆ ರಾಗಿಯ, ಪಕ್ಷ ಹಿಡಿಯುತ್ತಾರೆ. ವ್ರಿಹಿ, ಅಂದರೆ ಭತ್ತ, ಸಿಡಿದೇಳುತ್ತದೆ. ಎರಡೂ ತುಂಬಿದ ಸಭೆಯಲ್ಲಿ ಒಂದನ್ನೊಂದು ಬೈದುಕೊಳ್ಳುತ್ತವೆ. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡಿಸುತ್ತಾನೆ. ಹೊರಗೆ ತೆಗೆದಾಗ ಅಕ್ಕಿ ಕೆಟ್ಟಿದೆ, ರಾಗಿ ಗಟ್ಟಿಯಾಗಿದೆ. ರಾಗಿಗೆ ರಾಮನ ಹೆಸರೇ ಸಿಗುತ್ತದೆ, ರಾಘವ. ನಾವಂತೂ ಜೋಳದ ರೊಟ್ಟಿಯ ಮಂದಿ, ರಾಗಿಯ ಋಣ ನಮಗೆ ಅಷ್ಟಾಗಿ ಇಲ್ಲ. ಆದರೂ ಕಥೆ ಕೇಳುವಾಗ ನಮ್ಮ ಮತ ರಾಗಿಗೇ ಬೀಳುತ್ತದೆ.

ಮೇಲು ಕೀಳಿನ ಮಾತನ್ನು ಕನಕದಾಸರು ಎಷ್ಟೋ ಕಡೆ ನೇರವಾಗಿಯೇ ಆಡಿದ್ದಾರೆ. ಆದರೆ ಧಾನ್ಯಗಳ ಬಾಯಲ್ಲಿ ಆಡಿಸಿದಾಗ ಬಂದ ಹರಿತ ಬೇರೆಯದು. ಇಂದಿಗೂ ಜಾತಿ, ಹಸಿವು, ಬಡವರ ಅನ್ನ ಎಂದು ಮಾತು ಬಂದಾಗಲೆಲ್ಲ ವಿದ್ವಾಂಸರು ತೆರೆಯುವುದು ಈ ಚಿಕ್ಕ ಪುಸ್ತಕವನ್ನೇ. ರಂಗದ ಮೇಲೆ ಬರುವುದೂ ಇದೇ. ಗಂಭೀರ ಕಾವ್ಯದ ಪಕ್ಕದಲ್ಲಿ ಇಂಥ ಒಂದು ತುಂಟ ಕಾವ್ಯ, ಅದರ ಪಕ್ಕದಲ್ಲಿ ಬಿಡಿಸಲು ಬಾರದ ಮುಂಡಿಗೆಗಳು, ಅವುಗಳ ನಡುವೆ 110 ಪದ್ಯದ ‘ಹರಿಭಕ್ತಿಸಾರ’. ಬಾಡದ ಕವಿ ಒಂದೇ ಜಾಗದಲ್ಲಿ ಕುಳಿತವರಲ್ಲ.

ಇದನ್ನು ಈಗ ಎತ್ತಲು ಕಾರಣವಿದೆ. ನಮ್ಮ ಹಾವೇರಿ ಜಿಲ್ಲೆಯಲ್ಲಿ ಊರಿಗೊಬ್ಬರಾದರೂ ಗ್ರಂಥ ಬರೆಯುತ್ತಿರುವವರು ಸಿಗುತ್ತಾರೆ. ನಿವೃತ್ತ ಮಾಸ್ತರು, ವಕೀಲರು, ಸೊಸೈಟಿಯ ಕಾರ್ಯದರ್ಶಿ, ಒಬ್ಬಿಬ್ಬರು ಡಾಕ್ಟರು. ಒಬ್ಬರದು ಊರಿನ ಚರಿತ್ರೆ, ಇನ್ನೊಬ್ಬರದು ಬಂಕಾಪುರದ ಶಾಸನಗಳು, ಮತ್ತೊಬ್ಬರದು ಸವಣೂರು ನವಾಬರ ಕಾಲದ ಕಾದಂಬರಿ. ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಾಗ ಮಾತು ಹೀಗೆ ಸಾಗುತ್ತದೆ:

“ಪುಸ್ತಕ ಎಲ್ಲಿಗೆ ಬಂತ್ರೀ ಸರ?”

“ಇನ್ನೊಂದ್ ನಾಕ್ ಶಾಸನ ನೋಡೂದ್ ಐತಿ. ಆಮ್ಯಾಲೆ ಬರಿಯಾಕ ಕುಂದ್ರೂದ.”

ಮರುವರ್ಷ ಕೇಳಿದರೂ ಅದೇ ನಾಲ್ಕು ಶಾಸನ ಬಾಕಿ ಇರುತ್ತವೆ. ಇದರಲ್ಲಿ ನಗುವಂಥದ್ದು ಏನೂ ಇಲ್ಲ. ಇವರಿಗೆ ವಿಷಯ ಗೊತ್ತು, ಊರು ಗೊತ್ತು, ಮಾತು ಗೊತ್ತು. ಬರೆಯಲು ಕುಳಿತರೆ ಮಾತ್ರ ಪೆನ್ನು ಏಳುವುದಿಲ್ಲ. ಬರೆಯುವ ಪ್ರತಿ ಸಾಲನ್ನೂ ಧಾರವಾಡದ ಯಾವುದೋ ಪ್ರೊಫೆಸರು ಹಿಂದೆ ನಿಂತು ಓದುತ್ತಿದ್ದಾರೆ ಅನ್ನಿಸುತ್ತದೆ. ಹತ್ತು ವರ್ಷದಿಂದ ಬರೆಯುತ್ತಿರುವ ಪುಸ್ತಕ ಎಂದಮೇಲೆ ಅದು ಹತ್ತು ವರ್ಷದಷ್ಟೇ ತೂಗಬೇಕು ಎಂಬ ಭಯ. ಇಂಥವರಿಗೆ ನನ್ನ ಸಲಹೆ ಒಂದೇ: ಗ್ರಂಥವನ್ನು ಬಿಡಬೇಡಿ, ಅದರ ಪಕ್ಕದಲ್ಲಿ ಒಂದು ಸಣ್ಣ ಬರವಣಿಗೆ ಶುರು ಮಾಡಿ. ತೂಕವಿಲ್ಲದ್ದು, ಅಡಿಟಿಪ್ಪಣಿ ಇಲ್ಲದ್ದು, ವಾರಕ್ಕೊಮ್ಮೆ ಮುಗಿದುಹೋಗುವಂಥದ್ದು.

ಇದೇನೂ ಹೊಸ ಉಪಾಯವಲ್ಲ. ಕನ್ನಡದ ದೊಡ್ಡ ಕೆಲಸಗಾರರಲ್ಲಿ ಬಹಳ ಮಂದಿ ಹೀಗೇ ಎರಡು ಮೇಜು ಇಟ್ಟುಕೊಂಡಿದ್ದರು.

ನಮ್ಮ ಪಶ್ಚಿಮದ ಗಡಿ ದಾಟಿದರೆ ಸಿಗುವ ಉತ್ತರ ಕನ್ನಡದ ದಿನಕರ ದೇಸಾಯಿಯವರನ್ನೇ ತೆಗೆದುಕೊಳ್ಳಿ. 1909ರಲ್ಲಿ ಹುಟ್ಟಿದವರು. ಮುಂಬಯಿಯಲ್ಲಿ ಭಾರತ ಸೇವಕ ಸಮಾಜ ಸೇರಿ ಕಾರ್ಮಿಕರ ನಡುವೆ ದುಡಿದರು. ತಮ್ಮ ಜಿಲ್ಲೆಯ ಗೇಣಿದಾರ ರೈತರನ್ನು ಸಂಘಟಿಸಿದ್ದಕ್ಕೆ ಬ್ರಿಟಿಷರಿಂದ ಜಿಲ್ಲೆಯಿಂದಲೇ ಗಡೀಪಾರಾದರು. 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಶಾಲೆ ಕೊಟ್ಟರು. 1967ರಲ್ಲಿ ಲೋಕಸಭೆಗೆ ಗೆದ್ದರು. ಒಬ್ಬ ಮನುಷ್ಯನ ಆಯುಸ್ಸಿಗೆ ಇಷ್ಟು ಸಾಕಾಗಿ ಮಿಗುತ್ತದೆ. ಇದರ ನಡುವೆ ಅವರು ‘ಜನಸೇವಕ’ ವಾರಪತ್ರಿಕೆ ನಡೆಸುತ್ತಾ ನಾಲ್ಕು ಸಾಲಿನ ಚೌಪದಿ ಬರೆದರು. ಒಂದಲ್ಲ ನೂರಲ್ಲ, ಸಾವಿರಗಟ್ಟಲೆ. ಮಂತ್ರಿಯ ಮೇಲೆ, ಮಳೆಯ ಮೇಲೆ, ಲಂಚದ ಮೇಲೆ, ತಮ್ಮ ಮೇಲೆ. ಪ್ರಾಸ ಕೂಡಿಸಿ ನಾಲ್ಕನೆಯ ಸಾಲಿನಲ್ಲಿ ಚಿವುಟಿದರೆ ಮುಗಿಯಿತು. ರೈತರ ಹೋರಾಟದ ಭಾಷಣದಲ್ಲಿ ಆಡಲಾಗದ ತಮಾಷೆಗೆ ಅಲ್ಲಿ ಜಾಗವಿತ್ತು. ಇವತ್ತು ಕನ್ನಡಿಗರು ಅವರನ್ನು ನೆನೆಯುವುದು ಚುಟುಕದ ದೇಸಾಯಿ ಎಂದೇ. ಗೇಣಿದಾರರ ದೇಸಾಯಿಯ ವಿಚಾರ ಉತ್ತರ ಕನ್ನಡದ ಆಚೆ ಎಷ್ಟು ಜನರಿಗೆ ಗೊತ್ತು?

ಪ್ರಜಾವಾಣಿಯ ಸಂಪಾದಕರಾಗಿದ್ದ ಟಿ.ಎಸ್. ರಾಮಚಂದ್ರರಾಯರ ‘ಛೂಬಾಣ’ವೂ ಇದೇ ಜಾತಿಯದು. ಸಂಪಾದಕೀಯ ಸಂಪಾದಕೀಯವೇ: ಸರಕಾರಕ್ಕೆ ಬುದ್ಧಿ, ದೇಶಕ್ಕೆ ದಾರಿ. ಛೂಬಾಣದ್ದು ಬೇರೆ ಗತ್ತು. ಸುದ್ದಿಯ ಒಂದು ತುಣುಕು ಎತ್ತಿಕೊಂಡು ಕೆಳಗೊಂದು ಕುಟುಕು ಇಟ್ಟರೆ ಆಯಿತು. ಹಿಂದಿನ ಕಾಲದ ಓದುಗರನ್ನು ವಿಚಾರಿಸಿ. ಪತ್ರಿಕೆ ಬಂದೊಡನೆ ಛೂಬಾಣ ಹುಡುಕುತ್ತಿದ್ದೆವು ಎನ್ನುವವರು ಈಗಲೂ ಸಿಗುತ್ತಾರೆ. ಸಂಪಾದಕೀಯ ಹುಡುಕುತ್ತಿದ್ದೆವು ಎಂದವರನ್ನು ನಾನು ಕಂಡಿಲ್ಲ.

ಇಲ್ಲಿಂದ ಬಸ್ಸಿನಲ್ಲಿ ಹೋಗಿಬರುವ ಹುಬ್ಬಳ್ಳಿಯಲ್ಲಿ ಪಾ.ವೆಂ. ಆಚಾರ್ಯರಿದ್ದರು. ಉಡುಪಿಯಿಂದ ಬಂದು ಲೋಕಶಿಕ್ಷಣ ಟ್ರಸ್ಟಿನ ಪತ್ರಿಕೆಗಳಲ್ಲಿ ನೆಲೆನಿಂತವರು. 1956ರಲ್ಲಿ ಹೊರಟ ‘ಕಸ್ತೂರಿ’ ಮಾಸಿಕವನ್ನು ಮನೆಮನೆಯ ವಿಶ್ವಕೋಶವನ್ನಾಗಿ ಮಾಡಿದ ಸಂಪಾದಕ. ಶಬ್ದಗಳ ಹಿಂದುಮುಂದನ್ನು ಬಿಡಿಸಿಡುವ ‘ಪದಾರ್ಥ ಚಿಂತಾಮಣಿ’ಯ ಕರ್ತೃ. ವಿಜ್ಞಾನ, ಚರಿತ್ರೆ, ಭಾಷೆ, ಯಾವುದರಲ್ಲೂ ಅರೆಬರೆ ಮಾತಿಲ್ಲ. ಹಾಸ್ಯ ಬರೆಯುವಾಗ ಮಾತ್ರ ಅವರು ಪಾ.ವೆಂ. ಆಗಿರುತ್ತಿರಲಿಲ್ಲ, ‘ಲಾಂಗೂಲಾಚಾರ್ಯ’ ಆಗಿಬಿಡುತ್ತಿದ್ದರು. ಆಚಾರ್ಯರಿಗೆ ಬಾಲ ಬಂತು! ಹೆಸರು ಬದಲಿಸಿದ್ದು ಮುಖ ಮರೆಸಲಿಕ್ಕೆ ಇರಲಾರದು. ಲಾಂಗೂಲಾಚಾರ್ಯ ಯಾರೆಂಬುದು ಓದುಗರಿಗೆ ಗುಟ್ಟಾಗಿ ಉಳಿದಿರಲಿಲ್ಲ. ಆದರೆ ಹೆಸರು ಬೇರೆಯಾದಾಗ ಓದುಗನ ಲೆಕ್ಕವೂ ಬೇರೆಯಾಗುತ್ತದೆ. ಪಾ.ವೆಂ. ಬರೆದದ್ದನ್ನು ಗುರುತು ಹಾಕಿಕೊಂಡು ಓದುವವನು ಲಾಂಗೂಲಾಚಾರ್ಯನನ್ನು ಒರಗಿಕೊಂಡು ಓದುತ್ತಾನೆ. ಬರೆಯುವವನಿಗೂ ಅಷ್ಟೇ ಸಲೀಸು.

ಬೆಂಗಳೂರಿನ ಡಾಕ್ಟರ್ ಎಂ. ಶಿವರಾಂ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅವರಿಗೆ ಅಂಕಣ ಸಾಲಲಿಲ್ಲ, 1942ರಲ್ಲಿ ‘ಕೊರವಂಜಿ’ ಎಂಬ ನಗೆಪತ್ರಿಕೆಯನ್ನೇ ಹೊರಡಿಸಿ ‘ರಾಶಿ’ ಆದರು. ರೋಗಿಗಳನ್ನು ನೋಡುತ್ತಾ, 1967ರವರೆಗೆ, ಇಪ್ಪತ್ತೈದು ವರ್ಷ ಅದನ್ನು ನಡೆಸಿದರು. ಎಳೆಯ ಆರ್.ಕೆ. ಲಕ್ಷ್ಮಣ್ ಅದರಲ್ಲಿ ಚಿತ್ರ ಬರೆಯುತ್ತಿದ್ದರು. ಇಷ್ಟು ನಗಿಸಿದ ಮನುಷ್ಯ ಗಂಭೀರ ಕೆಲಸಕ್ಕೆ ಬಾರದವನಾದನೇ? 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಇವರ ‘ಮನ ಮಂಥನ’ಕ್ಕೆ. ಅದು ಮನೋವೈದ್ಯದ ಪುಸ್ತಕ.

ಲಂಕೇಶರ ಸಂಗತಿ ಎಲ್ಲರಿಗಿಂತ ವಿಚಿತ್ರ. 1980ರ ಜುಲೈಯಲ್ಲಿ ಶುರುವಾದ ‘ಲಂಕೇಶ್ ಪತ್ರಿಕೆ’ ಜಾಹೀರಾತು ಬೇಡವೆಂದು ಹಟ ತೊಟ್ಟ ವಾರಪತ್ರಿಕೆ. ಮಂತ್ರಿಗಳು ನಿದ್ದೆಗೆಡುತ್ತಿದ್ದ ಕಪ್ಪು ಬಿಳುಪಿನ ಪುಟಗಳವು. ‘ಟೀಕೆ ಟಿಪ್ಪಣಿ’ಯಲ್ಲಿ ಅವರು ರಾಜಕಾರಣ, ಸಾಹಿತ್ಯ, ಸಾವು, ಎಲ್ಲವನ್ನೂ ಜಾಲಾಡುತ್ತಿದ್ದರು. ಅದೇ ಪತ್ರಿಕೆಯ ಒಂದು ಮೂಲೆಯಲ್ಲಿ ‘ನೀಲು’ ಇದ್ದಳು. ಮೂರೋ ನಾಲ್ಕೋ ಐದೋ ಸಾಲು. ಪ್ರೇಮ, ಹೊಟ್ಟೆಕಿಚ್ಚು, ಮುಪ್ಪು, ಒಂದಿಷ್ಟು ಪೋಲಿತನ. ಸಹಿ ಹೆಣ್ಣಿನದು, ಬರೆಯುತ್ತಿದ್ದವರು ಲಂಕೇಶ್. ‘ಟೀಕೆ ಟಿಪ್ಪಣಿ’ ಬರೆದವನ ಸಿಟ್ಟಿನ ದನಿಗೂ ನೀಲುವಿನ ದನಿಗೂ ಸಂಬಂಧವೇ ಇಲ್ಲ ಅನ್ನುವಷ್ಟು ಅಂತರ. ನನ್ನ ಮಟ್ಟಿಗೆ ಹೇಳುವುದಾದರೆ ಆ ಪತ್ರಿಕೆಯ ಎಷ್ಟೋ ಹಗರಣಗಳ ಹೆಸರು ಈಗ ತಲೆಯಲ್ಲಿಲ್ಲ, ನೀಲು ಇದ್ದಾಳೆ. ಆ ಪದ್ಯಗಳು ಆಮೇಲೆ ‘ನೀಲು ಕಾವ್ಯ’ವೆಂದು ಸಂಪುಟಗಳಾಗಿ ಬಂದವು. ಪತ್ರಿಕೆಯ ಗದ್ದಲ ಲಂಕೇಶರೊಳಗಿನ ಕಥೆಗಾರನನ್ನು ನುಂಗಿತೆಂದು ಕೊರಗುವವರು ಒಂದು ಮಾತು ಮರೆಯುತ್ತಾರೆ. 1993ರ ಅಕಾಡೆಮಿ ಪ್ರಶಸ್ತಿ ಪಡೆದ ‘ಕಲ್ಲು ಕರಗುವ ಸಮಯ’ ಸಂಕಲನ ಬಂದದ್ದು ಪತ್ರಿಕೆಯ ದಿನಗಳಲ್ಲೇ.

ಹಾಗಾದರೆ ಎರಡನೆಯ ಮೇಜು ಏನು ಮಾಡುತ್ತದೆ? ಮೊದಲನೆಯದಾಗಿ ಅದು ಕೈಗೆ ರೂಢಿ ಕೊಡುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಿಜ, ಆದರೆ ಅದು ಸಣ್ಣ ಲಾಭ. ದೊಡ್ಡ ಲಾಭ ಎಂದರೆ ಮುಖ್ಯ ಬರಹದಲ್ಲಿ ಜಾಗ ಸಿಗದ ಸರಕಿಗೆ ಅದು ಜಾಗ ಕೊಡುತ್ತದೆ. ಬಂಕಾಪುರದ ಶಾಸನಗಳ ಬಗ್ಗೆ ಬರೆಯುವವರು ಕೋಟೆಗೆ ಹೋದಾಗೆಲ್ಲ ನವಿಲು ಕಾಣುತ್ತಾರೆ, ಅಲ್ಲಿ ನವಿಲುಧಾಮವೇ ಇದೆ. ನಗರೇಶ್ವರ ಗುಡಿಯ ಕಂಬಗಳ ನಡುವೆ ನವಿಲು ಕೂಗಿದ್ದನ್ನು ಶಾಸನದ ಗ್ರಂಥದಲ್ಲಿ ಎಲ್ಲಿ ಹಾಕುವುದು? ಹಾಕಿದರೆ ಗ್ರಂಥ ಸಡಿಲ, ಬಿಟ್ಟರೆ ಮನಸ್ಸಿಗೆ ಬೇಸರ. ಸವಣೂರು ನವಾಬರ ಕಂದಾಯದ ಬಗ್ಗೆ ಬರೆಯುವವರಿಗೆ ಸವಣೂರು ಖಾರದ ಬಗ್ಗೆ, ವೀಳ್ಯದೆಲೆಯ ಬಗ್ಗೆ, ದೊಡ್ಡ ಹುಣಸೆ ಎಂದು ಊರವರು ಕರೆಯುವ ಆದರೆ ಹುಣಸೆಯೇ ಅಲ್ಲದ, ಆಫ್ರಿಕಾ ಮೂಲದ ಆ ಭಾರಿ ಮರಗಳ ಬಗ್ಗೆ ಹೇಳಲು ಬೇಕಾದಷ್ಟಿರುತ್ತದೆ. ಅದನ್ನೆಲ್ಲ ಮುಖ್ಯ ಬರಹಕ್ಕೆ ತುರುಕಿದ ಊರಚರಿತ್ರೆಗಳನ್ನು ನಾವು ನೋಡಿದ್ದೇವೆ: ಅರ್ಧ ಗೆಜೆಟಿಯರ್, ಅರ್ಧ ಹರಟೆ, ಎರಡೂ ಕೆಟ್ಟಿರುತ್ತವೆ. ಬೇರೆ ಜಾಗ ಇದ್ದರೆ ಎರಡೂ ಬದುಕುತ್ತವೆ.

ಈ ಇಬ್ಬಗೆಯ ಲಾಭಕ್ಕೆ ಇಂಗ್ಲಿಷಿನ ಜಾರ್ಜ್ ಆರ್ವೆಲ್‌ಗಿಂತ ಒಳ್ಳೆಯ ಸಾಕ್ಷಿ ಸಿಗದು. 1943ರ ಕೊನೆಗೆ ಲಂಡನ್ನಿನ ‘ಟ್ರಿಬ್ಯೂನ್’ ವಾರಪತ್ರಿಕೆ ಸೇರಿ ‘ಆ್ಯಸ್ ಐ ಪ್ಲೀಸ್’ ಎಂಬ ಅಂಕಣ ಆರಂಭಿಸಿದರು. ಮನಸ್ಸಿಗೆ ಬಂದದ್ದನ್ನು ಬರೆಯುವ ಜಾಗ. ಅದೇ ತಿಂಗಳುಗಳಲ್ಲಿ ಅವರ ಇನ್ನೊಂದು ಮೇಜಿನ ಮೇಲೆ ‘ಅನಿಮಲ್ ಫಾರ್ಮ್’ ಬರೆಯುವುದು ನಡೆದಿತ್ತು. ಅಂಕಣದಲ್ಲಿ ಅಗ್ಗದ ಅಂಗಡಿಯ ಗುಲಾಬಿ ಗಿಡವನ್ನು ಹೊಗಳಿದಾಗ, ಹೂವಿನ ಮಾತು ಶ್ರೀಮಂತರ ಚಟ ಎಂದು ಎಡಪಂಥದ ಓದುಗರೊಬ್ಬರು ರೇಗಿ ಕಾಗದ ಬರೆದರು. ಆರ್ವೆಲ್ ಹೂವು ಬಿಡಲಿಲ್ಲ. 1946ರಲ್ಲಿ ಕಪ್ಪೆಯ ಬಗ್ಗೆ ಬರೆದರು, ಒಳ್ಳೆಯ ಚಹಾ ಮಾಡಲು ಹನ್ನೊಂದು ನಿಯಮ ಬರೆದರು. ಆಮೇಲೆ ‘ನೈನ್‌ಟೀನ್ ಎಯ್ಟಿಫೋರ್’ ಬರೆದರು. ಚಹಾದ ನಿಯಮ ಬರೆದದ್ದರಿಂದ ಕಾದಂಬರಿಯ ಕತ್ತಲು ತಿಳಿಯಾಗಲಿಲ್ಲ.

ಇನ್ನು ಶಿಶುನಾಳದವರ ಮಾತು. ಹುಲಗೂರಿನ ಖಾದರಲಿಂಗರ ದರ್ಗಾಕ್ಕೂ ಶರೀಫರ ಮನೆತನಕ್ಕೂ ಇದ್ದ ನಂಟು ಈ ಭಾಗದವರಿಗೆ ಹೇಳಬೇಕಾದ್ದಲ್ಲ. ಅವರ ತಂದೆ ಇಮಾಮ ಸಾಹೇಬರು ನಡೆದುಕೊಳ್ಳುತ್ತಿದ್ದ ಗುರು ಅವರೇ, ಮುಸ್ಲಿಮರಾಗಿ ಲಿಂಗದೀಕ್ಷೆ ಕೊಡುತ್ತಿದ್ದವರು. 1819ರಿಂದ 1889ರವರೆಗೆ ಬದುಕಿದ ಶರೀಫರು ಕೆಲಕಾಲ ಮಾಸ್ತರಿಕೆ ಮಾಡಿದರು, ಕಳಸದ ಗೋವಿಂದಭಟ್ಟರ ಹಿಂದೆ ತಿರುಗಿದರು, ಪದ ಹಾಡಿದರು. ಗುಡುಗುಡಿ, ಸೋರುವ ಮನೆ, ಕೋಡಗವನ್ನು ನುಂಗುವ ಕೋಳಿ. ಅವರು ಗ್ರಂಥ ಬರೆಯಲೇ ಇಲ್ಲ. ಅಲ್ಲಿಂದಿಲ್ಲಿಗೆ ಹೋಗುವಾಗ ಕಟ್ಟಿದ ಪದಗಳೇ ಅವರ ಗ್ರಂಥ. ನನ್ನ ವಾದಕ್ಕೆ ಇದು ಅಡ್ಡ ಬರುತ್ತದೆ, ಗೊತ್ತು: ಚಿಕ್ಕದೇ ಸಾಕು, ದೊಡ್ಡದು ಯಾಕೆ ಎಂದು ಯಾರಾದರೂ ಕೇಳಬಹುದು. ಶರೀಫರ ಹಿಂದೆ ಗೋವಿಂದಭಟ್ಟರಿದ್ದರು, ತತ್ತ್ವದ ಒಂದು ಇಡೀ ಜೀವನವಿತ್ತು ಎಂದಷ್ಟೇ ಉತ್ತರ ಹೇಳಬಲ್ಲೆ. ಕೋಳಿಯ ಪದಕ್ಕೆ ತೂಕ ಬಂದದ್ದು ಅಲ್ಲಿಂದ. ಬರಿಯ ಚುಟುಕ ಬರೆದವರ ಚುಟುಕ ಬೇಗ ಒಣಗುತ್ತದೆ; ಕವಿಗೋಷ್ಠಿಗಳಲ್ಲಿ ಕೂತು ಕೇಳಿದವರಿಗೆ ಇದು ಗೊತ್ತಿದೆ.

ಅಪಾಯಗಳೂ ಇವೆ. ಹಗುರ ಬರಹವನ್ನು ಹೊಣೆಗೇಡಿ ಬರಹ ಎಂದುಕೊಳ್ಳುವುದು ಮೊದಲ ಅಪಾಯ. ಊರಿನ ಜಗಳ, ಪಕ್ಕದ ಮನೆಯವರ ಮೇಲಿನ ಕುಟುಕು, ಪ್ರಶಸ್ತಿ ಸಿಗದ ಸಂಕಟ, ಇವನ್ನೆಲ್ಲ ಸುರಿಯಲು ಒಂದು ತಿಪ್ಪೆ ಸಿಕ್ಕಿತೆಂದು ಕೆಲವರು ತಿಳಿಯುತ್ತಾರೆ. ಅಂಥದ್ದನ್ನು ಎರಡು ವಾರ ಓದುತ್ತಾರೆ, ಮೂರನೆಯ ವಾರ ಲೇಖಕರನ್ನು ಕಂಡರೆ ರಸ್ತೆ ದಾಟುತ್ತಾರೆ. ಎರಡನೆಯದು, ಸಣ್ಣದು ಬೆಳೆಯುತ್ತಾ ಹೋಗುವುದು. ನಾಲ್ಕು ಸಾಲಿನದು ನಲವತ್ತಾಗಿ, ಆಮೇಲೆ ಅದಕ್ಕೂ ಪೀಠಿಕೆ ಬಂದು, ಅದೂ ಒಂದು ಬಾಕಿ ಗ್ರಂಥವಾಗುತ್ತದೆ. ಆದ್ದರಿಂದ ಅಳತೆ ಮೊದಲೇ ಕಟ್ಟಿಕೊಳ್ಳುವುದು ಒಳ್ಳೆಯದು. ದೇಸಾಯಿಯವರಿಗೆ ನಾಲ್ಕು ಸಾಲಿನ ಬೇಲಿ ಇತ್ತು. ಹಿರೇಕೆರೂರು ಕಡೆಯ ಅಬಲೂರಿನವನೆಂದು ಹೇಳುವ ಸರ್ವಜ್ಞನಿಗೆ ಮೂರೇ ಸಾಲು. ಬೇಲಿ ಇದ್ದದ್ದರಿಂದಲೇ ಸಾವಿರಗಟ್ಟಲೆ ಬೆಳೆ ಬಂತು.

ಮೂರನೆಯದನ್ನು ಅಪಾಯವೆನ್ನಬೇಕೋ ಅದೃಷ್ಟವೆನ್ನಬೇಕೋ ತಿಳಿಯದು: ಚಿಕ್ಕದು ದೊಡ್ಡದನ್ನು ಮರೆಸಿಬಿಡಬಹುದು. ಡಿ.ವಿ. ಗುಂಡಪ್ಪನವರು 1913ರಲ್ಲಿ ‘ಕರ್ನಾಟಕ’ ಎಂಬ ಇಂಗ್ಲಿಷ್ ಪತ್ರಿಕೆ ತೆರೆದು, ಸಂಸ್ಥಾನದ ಆಡಳಿತ, ರಾಜ್ಯಶಾಸ್ತ್ರ, ಸಾರ್ವಜನಿಕ ನೀತಿ ಎಂದು ಜೀವಮಾನವಿಡೀ ದುಡಿದವರು. 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಭಗವದ್ಗೀತೆಯ ಮೇಲಿನ ಅವರ ದೊಡ್ಡ ಗ್ರಂಥಕ್ಕೆ 1967ರಲ್ಲಿ ಅಕಾಡೆಮಿ ಪ್ರಶಸ್ತಿ ಬಂತು. ಅವರ 1943ರ ‘ಮಂಕುತಿಮ್ಮನ ಕಗ್ಗ’ ಹಗುರವಾದದ್ದೇನೂ ಅಲ್ಲ, ಆದರೆ ತುಂಡು ತುಂಡಾದದ್ದು. ನಾಲ್ಕು ಸಾಲಿಗೊಮ್ಮೆ ಮುಗಿಯುವಂಥದ್ದು, ತಿಮ್ಮನೆಂಬ ಮಂಕನ ಬಾಯಲ್ಲಿ ಆಡಿಸಿದ್ದು. ಈಗ ಮದುವೆಯ ಕರೆಯೋಲೆಯಿಂದ ಹಿಡಿದು ಲಾರಿಯ ಹಿಂಬದಿಯವರೆಗೆ ಇರುವ ಡಿವಿಜಿ ಎಂದರೆ ಅದೊಂದೇ.

ಹುಲಗೂರಿನಂಥ ಊರಿನಲ್ಲಿ ಇದನ್ನು ಶುರು ಮಾಡಲು ದುಡ್ಡು ಬೇಕಿಲ್ಲ. ಗ್ರಂಥದ ಹಸ್ತಪ್ರತಿ ಇಡುವ ಕಪಾಟಿನಲ್ಲಿ ಇಡದ ಬೇರೆ ನೋಟುಬುಕ್ಕು ಒಂದು. ಅದಕ್ಕೆ ನಿಮ್ಮದಲ್ಲದ ಒಂದು ಹೆಸರು. ಒಂದು ಕಾಯಂ ದಿನ, ಸಂತೆಯ ದಿನವೇ ಆಗಲಿ, ನೆನಪಿರುತ್ತದೆ. ಒಂದೊಂದು ಹೊಲಕ್ಕೆ ಆ ಹೆಸರು ಹೇಗೆ ಬಂತು, ಉರುಸಿನ ದಿನ ಯಾವ ಊರಿನವರು ಯಾವ ದಾರಿ ಹಿಡಿದು ಬರುತ್ತಾರೆ, ಅಜ್ಜಿಯಂದಿರು ಮಳೆ ನಕ್ಷತ್ರಗಳನ್ನು ಹೇಗೆ ಬೈಯುತ್ತಾರೆ, ಹೀಗೆ ವಾರಕ್ಕೊಂದು. ಶಾಲೆಯ ಸೂಚನಾ ಫಲಕದಲ್ಲಿ ಸುಭಾಷಿತ ಬರೆಯುವ ಜಾಗದಲ್ಲೇ ಇದನ್ನು ಬರೆಯಬಹುದು. ಮಕ್ಕಳು ಮನೆಗೆ ಹೋಗಿ ಹೇಳುತ್ತಾರೆ, ತಪ್ಪಿದ್ದರೆ ಮರುದಿನ ಅಜ್ಜ ಬಂದು ತಿದ್ದುತ್ತಾನೆ. ಜಾನಪದ ವಿಶ್ವವಿದ್ಯಾಲಯ 2011ರಿಂದ ಇದೇ ತಾಲ್ಲೂಕಿನ ಗೊಟಗೋಡಿಯಲ್ಲಿದೆ. ಅಲ್ಲಿನವರು ಕೇಳಿ ಬಂದಾಗ ಕೊಡಲು ನಿಮ್ಮ ಹತ್ತಿರ ಮುಗಿಯದ ಗ್ರಂಥದ ಬದಲು ಮುಗಿದ ನೂರು ಟಿಪ್ಪಣಿ ಇರುತ್ತವೆ. ಗ್ರಂಥ? ಅದು ತನ್ನ ಪಾಡಿಗೆ ನಡೆಯಲಿ. ನಾಲ್ಕು ಶಾಸನ ನೋಡುವುದು ಬಾಕಿ ಇದ್ದೇ ಇದೆ.

ನಮ್ಮ ಜಿಲ್ಲೆಯ ವಾರಪತ್ರಿಕೆ, ದಿನಪತ್ರಿಕೆಗಳ ಸಂಪಾದಕರಲ್ಲೂ ಒಂದು ಕೋರಿಕೆ. ಇಂಥವರಿಗಾಗಿ ವಾರಕ್ಕೊಮ್ಮೆ ನೂರೈವತ್ತು ಪದಗಳ ಮೂಲೆಯೊಂದನ್ನು ಕಾಯಂ ಬಿಡಿ. ಸಂಭಾವನೆ ಕೊಡಲಾಗದಿದ್ದರೂ ನಡೆದೀತು. ಸರಕಾರಿ ಜಾಹೀರಾತು ಬಂದ ವಾರ ಮಾತ್ರ ಅದನ್ನು ಕಿತ್ತುಹಾಕಬೇಡಿ.